ಮಗಳ ಕಪಾಟಿನ ಪ್ರೇಮಕಾದಂಬರಿಗಳನ್ನು ನಲವತ್ತಮೂರರಲ್ಲಿ ಓದುವುದು

ಪ್ರಶ್ನೆ: ನನಗೆ 43 ವರ್ಷ. ಬನಶಂಕರಿಯಲ್ಲಿ ಮನೆ, ರಾಜಾಜಿನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ. ಮಗಳು ಮೊದಲನೇ ಪಿಯುಸಿ. ಅವಳ ಕಪಾಟಿನ ತುಂಬ ಇಂಗ್ಲಿಷಿನ ಯಂಗ್ ಅಡಲ್ಟ್, ಅಂದರೆ ಹದಿಹರೆಯದವರಿಗೆಂದು ಬರೆದ, ಪ್ರೇಮಕಾದಂಬರಿಗಳಿವೆ. ಇವಳು ಓದುತ್ತಿರುವುದಾದರೂ ಏನು ಎಂದು ನೋಡಲು ಒಂದು ರಾತ್ರಿ ಒಂದನ್ನು ಕೈಗೆತ್ತಿಕೊಂಡವಳು, ಮುಗಿಸಿ ದೀಪ ಆರಿಸಿದಾಗ ಎರಡು ಗಂಟೆಯಾಗಿತ್ತು. ಆಮೇಲೆ ಅವಳಿಗೆ ಗೊತ್ತಾಗದ ಹಾಗೆ ಹನ್ನೊಂದು ಪುಸ್ತಕ ಓದಿ, ಇದ್ದ ಜಾಗದಲ್ಲೇ ವಾಪಸ್ ಇಟ್ಟಿದ್ದೇನೆ. ಮೆಟ್ರೊದಲ್ಲಿ ಓದುವಾಗ ಮುಖಪುಟ ಯಾರಿಗೂ ಕಾಣದಿರಲಿ ಎಂದು ಬ್ರೌನ್ ಪೇಪರಿನ ಬೈಂಡ್ ಹಾಕಿಕೊಳ್ಳುತ್ತೇನೆ. ಒಮ್ಮೆ ನೋಡಿದ ಸಹೋದ್ಯೋಗಿಯೊಬ್ಬರು ‘ಈ ವಯಸ್ಸಿನಲ್ಲಿ ಇದೇನು ಮೇಡಂ’ ಎಂದು ನಕ್ಕರು. ಹದಿನೇಳು ವರ್ಷದವರ ಪ್ರೇಮವನ್ನು ನಾನು ಇಷ್ಟು ಆಸೆಯಿಂದ ಓದುವುದು ಎಳಸುತನವೇ? ಇವುಗಳಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ? ಮಗಳು ಇವನ್ನೆಲ್ಲ ಓದುವುದರಿಂದ ತೊಂದರೆ ಇದೆಯೇ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಓದುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ತಾಗಿದ್ದು ಆ ಬ್ರೌನ್ ಪೇಪರಿನ ಬೈಂಡ್. ಇಪ್ಪತ್ತೆರಡು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಅದಕ್ಕೂ ಮೊದಲು, ಎಂಬತ್ತರ ದಶಕದ ಬೆಂಗಳೂರಿನಲ್ಲಿ, ನಮ್ಮ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಪ್ರೇಮಕಾದಂಬರಿಗಳನ್ನು ರಸಾಯನಶಾಸ್ತ್ರದ ಪಠ್ಯಪುಸ್ತಕದೊಳಗಿಟ್ಟು ಓದಿದವಳು. ಒಮ್ಮೆ ಸಿಕ್ಕಿಬಿದ್ದು, ಇಡೀ ತರಗತಿಯ ಎದುರು ಆ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಬೇಕಾಯಿತು. ಆ ದಿನದ ಅವಮಾನ ಎಷ್ಟು ಕಾಲ ನನ್ನೊಳಗೆ ಕೆಲಸ ಮಾಡಿತೆಂದರೆ, ಮುಂದೆ ಸಾಹಿತ್ಯದ ವಿದ್ಯಾರ್ಥಿನಿಯಾಗಿ ಹತ್ತು ವರ್ಷ ನಾನು ಪ್ರೇಮಕಥೆಯೆಂದರೆ ಮುಖ ತಿರುಗಿಸುವುದೇ ಒಳ್ಳೆಯ ಅಭಿರುಚಿಯ ಲಕ್ಷಣ ಎಂದು ನಂಬಿದ್ದೆ. ಆ ನಂಬಿಕೆ ತಪ್ಪಾಗಿತ್ತು. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ, ಎಳಸುತನವೇ ಎಂಬುದಕ್ಕೆ, ಅಲ್ಲ ಎಂಬ ಉತ್ತರವನ್ನು ಮೊದಲೇ ಕೊಟ್ಟು, ಏಕೆ ಅಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀವು ಒಬ್ಬರೇ ಅಲ್ಲ ಎಂಬುದು ಮೊದಲನೆಯ ಸಂಗತಿ. 2012ರಲ್ಲಿ ಅಮೆರಿಕದ ಬೌಕರ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಯಂಗ್ ಅಡಲ್ಟ್ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇ 55ರಷ್ಟು ಜನ 18 ದಾಟಿದವರು ಎಂದು ಕಂಡುಬಂತು; ಅವರಲ್ಲಿ ದೊಡ್ಡ ಪಾಲು 30ರಿಂದ 44 ವರ್ಷದವರದು, ಹೆಚ್ಚಿನವರು ಕೊಂಡಿದ್ದು ಮಕ್ಕಳಿಗಾಗಿ ಅಲ್ಲ, ತಮ್ಮ ಓದಿಗಾಗಿಯೇ. ಅಂದರೆ, ನಿಮ್ಮ ವಯಸ್ಸಿನ ಹೆಂಗಸರು ಮತ್ತು ಗಂಡಸರು ಈ ಪುಸ್ತಕಗಳ ಮುಖ್ಯ ಓದುಗರಲ್ಲಿ ಸೇರಿದ್ದಾರೆ. ಆದರೆ ಬಹಳ ಜನ ಮಾಡುತ್ತಾರೆ ಎಂಬುದು ಸಮಾಧಾನವೇ ಹೊರತು ಕಾರಣವಲ್ಲ. ನಿಮಗೆ ಬೇಕಾಗಿರುವುದು ಕಾರಣ ಎಂದುಕೊಂಡಿದ್ದೇನೆ.

ಮನಃಶಾಸ್ತ್ರಜ್ಞರು ವಯಸ್ಕರ ನೆನಪುಗಳನ್ನು ಅಧ್ಯಯನ ಮಾಡಿದಾಗಲೆಲ್ಲ ಒಂದು ವಿಚಿತ್ರ ಉಬ್ಬನ್ನು ಗಮನಿಸಿದ್ದಾರೆ. ನಡುವಯಸ್ಸು ದಾಟಿದವರನ್ನು ನಿಮ್ಮ ಬದುಕಿನ ನೆನಪುಗಳನ್ನು ಹೇಳಿ ಎಂದು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ಘಟನೆಗಳೇ ಮಿಕ್ಕ ಕಾಲದವಕ್ಕಿಂತ ಹೆಚ್ಚಾಗಿ, ಹೆಚ್ಚು ಸ್ಪಷ್ಟವಾಗಿ ಬರುತ್ತವೆ. ಆ ವರ್ಷಗಳಲ್ಲಿ ಬಹುತೇಕ ಎಲ್ಲವೂ ಮೊದಲನೆಯ ಬಾರಿಗೆ ಆಗುತ್ತಿರುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಒಬ್ಬಳೇ ಬಸ್ ಹತ್ತಿ ಮೆಜೆಸ್ಟಿಕ್ಕಿಗೆ ಹೋದದ್ದು, ಮನೆಯವರಿಗೆ ಮೊದಲ ಸುಳ್ಳು ಹೇಳಿದ್ದು, ಒಬ್ಬ ಹುಡುಗ ತನ್ನ ಹೆಸರನ್ನು ಕರೆದಾಗ ಆ ಹೆಸರೇ ಬೇರೆಯಾಗಿ ಕೇಳಿಸಿದ್ದು. ಹದಿಹರೆಯದ ಪ್ರೇಮಕಾದಂಬರಿಯ ಬಂಡವಾಳ ಈ ‘ಮೊದಲು’ ಎಂಬುದೇ. ನೀವು ಆಸೆಯಿಂದ ಓದುತ್ತಿರುವುದು ಹದಿನೇಳರ ಹುಡುಗನನ್ನಲ್ಲ. ಒಬ್ಬ ಮನುಷ್ಯಳು ತನ್ನ ಮನಸ್ಸನ್ನು ತಾನೇ ಕೇಳಿಕೊಂಡು, ಯಾರೂ ಬರೆದುಕೊಡದ ಒಂದು ನಿರ್ಧಾರವನ್ನು ಮೊದಲ ಬಾರಿಗೆ ತೆಗೆದುಕೊಳ್ಳುವ ಗಳಿಗೆಯನ್ನು. ನನ್ನ ತಿಳಿವಳಿಕೆಯಲ್ಲಿ ಈ ಪ್ರಕಾರದ ಸುಖವೆಲ್ಲ ಇರುವುದು ಅಲ್ಲಿ. ಮುತ್ತು, ಜಗಳ, ರಾಜಿ ಎಲ್ಲವೂ ಆ ಗಳಿಗೆಯ ಸುತ್ತ ಕಟ್ಟಿದ ಮಂಟಪ.

ಇದು ನಮ್ಮ ಓದುಗರಿಗೆ ವಿಶೇಷವಾಗಿ ಹಿಡಿಸುವುದಕ್ಕೆ ಮತ್ತೊಂದು ಕಾರಣವಿದೆ. 1942ರಲ್ಲಿ ಎರಡು ಪುಸ್ತಕಗಳು ಪ್ರಕಟವಾದವು. ಒಂದು, ನಮ್ಮ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’. ಇನ್ನೊಂದು, ಅಮೆರಿಕದಲ್ಲಿ ಆಗಿನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಮೌರೀನ್ ಡೇಲಿ ಎಂಬ ಯುವತಿ ಬರೆದ ‘ಸೆವೆಂಟೀನ್ತ್ ಸಮ್ಮರ್’. ಹದಿನೇಳರ ಹುಡುಗಿಯೊಬ್ಬಳು ಶಾಲೆ ಮುಗಿಸಿ ಕಾಲೇಜಿಗೆ ಹೊರಡುವ ಮೊದಲಿನ ಒಂದೇ ಬೇಸಿಗೆಯ ಪ್ರೇಮ ಅದರ ವಸ್ತು, ಇಂದಿನ ಯಂಗ್ ಅಡಲ್ಟ್ ಪ್ರೇಮಕಾದಂಬರಿಯ ಅಜ್ಜಿ ಎಂದು ಅದನ್ನು ಕರೆಯುವವರಿದ್ದಾರೆ. ಎರಡೂ ಎಳೆಯ ಒಲವಿನ ಪುಸ್ತಕಗಳೇ. ಆದರೆ ನಮ್ಮ ಕವಿಯ ಒಲವು ಮದುವೆಯಾದ ಮೇಲೆ ಶುರುವಾಗುತ್ತದೆ, ಮಾವನ ಮನೆಯ ಅಂಗಳದಲ್ಲಿ, ಬಳೆ ಮಲ್ಲಿಗೆಗಳ ನಡುವೆ ಅರಳುತ್ತದೆ. ಆ ಅಮೆರಿಕದ ಕಾದಂಬರಿಯಲ್ಲಿ ಬೇಸಿಗೆ ಮುಗಿಯುತ್ತದೆ, ಹುಡುಗಿ ಓದಲು ಹೊರಡುತ್ತಾಳೆ, ಇಬ್ಬರೂ ಅಗಲುತ್ತಾರೆ. ಒಂದು ಮೇಲು ಇನ್ನೊಂದು ಕೀಳು ಎಂದು ಹೇಳುತ್ತಿಲ್ಲ. ‘ಮೈಸೂರು ಮಲ್ಲಿಗೆ’ಯನ್ನು ಬಿಟ್ಟುಕೊಡುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಎಸ್ಸೆಸ್ಸೆಲ್ಸಿಯಿಂದ ಮದುವೆಯವರೆಗಿನ ಆ ಐದಾರು ವರ್ಷ, ಅಂದರೆ ನಿಮ್ಮ ಮಗಳು ಈಗ ನಿಂತಿರುವ ಜಾಗ, ನಮ್ಮ ಕಥೆಗಳಲ್ಲಿ ಬಹಳ ಕಾಲ ಕಾಯುವ ಕೋಣೆಯಾಗಿಯೇ ಉಳಿಯಿತು. ತೊಂಬತ್ತರ ದಶಕದಲ್ಲಿ ಪಿಯುಸಿ ಓದಿದ ನಿಮಗೆ, ಆ ಕೋಣೆಯಲ್ಲೇ ಇಡೀ ಕಾದಂಬರಿ ನಡೆಯುವುದನ್ನು ಕಂಡು ಎರಡು ಗಂಟೆಯವರೆಗೆ ನಿದ್ದೆ ಬಾರದಿದ್ದರೆ ಅದು ಸಹಜ.

ತ್ರಿವೇಣಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಆಕೆ, ಅಷ್ಟು ಸಣ್ಣ ಆಯುಷ್ಯದಲ್ಲಿ, ಹೆಣ್ಣಿನ ಮನಸ್ಸು ಏನನ್ನು ಬೇಡುತ್ತದೆ ಎಂಬುದನ್ನು ಗಂಭೀರವಾಗಿ ಕೇಳಿದ ಕಾದಂಬರಿಗಳನ್ನು ಬರೆದರು. ‘ಬೆಳ್ಳಿ ಮೋಡ’ದ ಇಂದಿರೆ, ತನ್ನನ್ನು ಒಮ್ಮೆ ತೊರೆದವನು ಮನಸ್ಸು ಬದಲಿಸಿ ಬಂದಾಗ ಬೇಡ ಎನ್ನುತ್ತಾಳೆ. ಈಗಿನ ಒಳ್ಳೆಯ ಹದಿಹರೆಯದ ಕಾದಂಬರಿಯ ಬೆನ್ನುಮೂಳೆ ಆ ‘ಬೇಡ’ ಎಂಬ ಮಾತಿನಷ್ಟೇ ಗಟ್ಟಿಯಾಗಿರುತ್ತದೆ. ನಿಮ್ಮ ತಾಯಿಯವರು ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡವರಾಗಿದ್ದರೆ, ಈ ಓದು ನಿಮ್ಮ ಮನೆಗೆ ಹೊಸದೂ ಅಲ್ಲ.

ಈಗ ಬರವಣಿಗೆಯ ಕಡೆಗೆ ಬರೋಣ, ಏಕೆಂದರೆ ಸುಖ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಅದು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ನೀವು ಓದಿದ ಹನ್ನೊಂದರಲ್ಲಿ ಹಲವು ‘ನಾನು’ ಎಂದು ಹೇಳುವ ಹುಡುಗಿಯ ಬಾಯಲ್ಲಿ, ವರ್ತಮಾನ ಕಾಲದಲ್ಲಿ ಇದ್ದಿರಬೇಕು. ಇದು ಬರಿಯ ರೂಢಿಯಲ್ಲ. ಒಂದು ಚಿಕ್ಕ ಪ್ರಸಂಗವನ್ನು ನಾನೇ ಕಟ್ಟಿ ತೋರಿಸುತ್ತೇನೆ. ಮಲ್ಲೇಶ್ವರದ ಬಸ್ ನಿಲ್ದಾಣ, ಜೂನ್ ತಿಂಗಳ ಸಂಜೆ, ದಿಢೀರ್ ಮಳೆ, ಟ್ಯೂಷನ್ ಮುಗಿಸಿ ಬಂದ ಇಬ್ಬರು. ಹಿರಿಯಳಾದ ನಿರೂಪಕಿ ಇದನ್ನು ಹೀಗೆ ಹೇಳಬಹುದು: ‘ಅವನು ನನ್ನ ರೆಕಾರ್ಡ್ ಪುಸ್ತಕ ನೆನೆಯದಿರಲಿ ಎಂದು ಅಂಗಿಯೊಳಗೆ ಇಟ್ಟುಕೊಂಡು ನಿಂತದ್ದನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಆ ವಯಸ್ಸಿಗೆ ಅದೇ ದೊಡ್ಡ ಸಂಗತಿ.’ ಅದೇ ಪ್ರಸಂಗ ಹದಿಹರೆಯದ ಕಾದಂಬರಿಯಲ್ಲಿ ಹೀಗೆ ಬರುತ್ತದೆ: ‘ರೆಕಾರ್ಡ್ ಪುಸ್ತಕ ಅವನ ಅಂಗಿಯೊಳಗಿದೆ. ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದಾನೆ. ಥ್ಯಾಂಕ್ಸ್ ಹೇಳಲೇ? ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಬಸ್ಸಿನ ಬೋರ್ಡು ಕಾಣುತ್ತಿದೆ. ಇದು ನನ್ನ ಬಸ್ ಆಗಿರಬಾರದು.’

ಮೊದಲನೆಯದರಲ್ಲಿ ಹೇಳುವವಳಿಗೆ ಮುಂದೆ ಏನಾಯಿತು ಎಂದು ಗೊತ್ತಿದೆ, ಆ ತಿಳಿವಳಿಕೆಯ ಎತ್ತರದಿಂದ ಅವಳು ತನ್ನನ್ನೇ ನೋಡಿ ನಗುತ್ತಾಳೆ, ನಾವೂ ಜೊತೆಗೆ ನಗುತ್ತೇವೆ. ಎರಡನೆಯದರಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಆ ಹುಡುಗಿಯ ಅನುಭವವನ್ನು ಸಣ್ಣದು ಮಾಡಿ ತೋರಿಸುವ ದೊಡ್ಡವರು ಯಾರೂ ಆ ಪುಟದಲ್ಲಿ ಇಲ್ಲ. ‘ಈ ವಯಸ್ಸಿನಲ್ಲಿ ಇದೆಲ್ಲ ಮಾಮೂಲು’ ಎಂದು ಜೀವನವಿಡೀ ಕೇಳಿಕೊಂಡು ಬಂದವರಿಗೆ, ಆ ಗಳಿಗೆಯನ್ನು ಅದರ ಪೂರ್ತಿ ತೂಕದಲ್ಲಿ ಕೊಡುವ ಬರವಣಿಗೆ ದೊಡ್ಡ ಉಪಕಾರ. ನಿಮ್ಮ ಸಹೋದ್ಯೋಗಿಯ ನಗು ಬಂದಿರುವುದು ಆ ಮೊದಲನೆಯ ನಿರೂಪಣೆಯ ಎತ್ತರದಿಂದ. ನೀವು ಮೆಟ್ರೊದಲ್ಲಿ ಅನುಭವಿಸುತ್ತಿರುವುದು ಎರಡನೆಯದನ್ನು.

ಇನ್ನು ಟ್ರೋಪ್‌ಗಳ, ಅಂದರೆ ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರುವ ಸಿದ್ಧ ಸನ್ನಿವೇಶಗಳ ಮಾತು. ಕಿತ್ತಾಡುವವರು ಒಲಿಯುವುದು, ಬಾಲ್ಯದ ಗೆಳೆಯನೇ ಪ್ರಿಯನಾಗುವುದು, ಊರಿನವರ ಕಣ್ಣಿಗೆ ಪ್ರೇಮಿಗಳಂತೆ ನಟಿಸಲು ಒಪ್ಪಂದ ಮಾಡಿಕೊಂಡು ನಿಜವಾಗಿ ಸಿಕ್ಕಿಬೀಳುವುದು: ನಾಲ್ಕೈದು ಪುಸ್ತಕ ಓದಿದ ಮೇಲೆ ಎಲ್ಲವೂ ಒಂದೇ ಅನ್ನಿಸಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ, ಆದರೆ ಅದನ್ನು ದೋಷವೆಂದು ಎಣಿಸುವುದಿಲ್ಲ. ಕಲ್ಯಾಣಿ ರಾಗ ಎಂದು ಗೊತ್ತಾದ ಮೇಲೆ ಕಚೇರಿ ಬಿಟ್ಟು ಏಳುವವರು ಯಾರು? ಸ್ವರಗಳು ಮೊದಲೇ ಗೊತ್ತಿವೆ. ಈ ಗಾಯಕಿ ಇಂದು ಯಾವ ಸ್ವರದ ಮೇಲೆ ನಿಲ್ಲುತ್ತಾಳೆ ಎಂಬುದಕ್ಕಾಗಿ ಕೂತಿರುತ್ತೇವೆ. ಜೆನ್ನಿ ಹ್ಯಾನ್ ಅವರ ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’ (2014) ಅದೇ ನಟನೆಯ ಒಪ್ಪಂದದ ಕಥೆ. ಲಾರಾ ಜೀನ್ ಎಂಬ ಹುಡುಗಿ ತಾನು ಮೆಚ್ಚಿದ ಐವರು ಹುಡುಗರಿಗೆ ಬರೆದು, ಯಾರಿಗೂ ಕಳಿಸದೆ ಬಚ್ಚಿಟ್ಟಿದ್ದ ಪತ್ರಗಳು ಹೇಗೋ ಅಂಚೆಗೆ ಹೋಗಿಬಿಡುತ್ತವೆ. ಚೌಕಟ್ಟು ಹಳೆಯದೇ. ಆದರೆ ಲೇಖಕಿ ನಿಂತಿರುವ ಸ್ವರ ಬೇರೆ: ತಾಯಿ ಇಲ್ಲದ ಮನೆ, ಅಕ್ಕ ದೂರದೇಶಕ್ಕೆ ಓದಲು ಹೋದ ಮೇಲೆ ಅಡುಗೆಮನೆಯ, ತಂಗಿಯ, ಅಪ್ಪನ ಹೊಣೆ ನಡುವಿನವಳ ಮೇಲೆ ಬೀಳುವುದು. ಆ ಮೂವರು ಅಕ್ಕತಂಗಿಯರ ಕಥೆಯನ್ನು ಕಿತ್ತುಹಾಕಿದರೆ ಪ್ರೇಮ ಒಂದು ಗಂಟೆಯ ಓದು. ಅದು ಇರುವುದರಿಂದಲೇ ಪ್ರೇಮಕ್ಕೆ ಭಾರ ಬಂದಿದೆ.

ಮುಕ್ತಾಯದ ಬಗ್ಗೆಯೂ ಒಂದು ಮಾತು. ದೊಡ್ಡವರ ಪ್ರೇಮಕಾದಂಬರಿಗೆ ಒಂದು ಕರಾರಿದೆ: ಅಮೆರಿಕದ ಪ್ರೇಮಕಾದಂಬರಿಕಾರರ ಸಂಘ ಕೊಟ್ಟ ವ್ಯಾಖ್ಯೆಯ ಪ್ರಕಾರ, ಪ್ರೇಮವೇ ಕಥೆಯ ನಡುವೆ ಇರಬೇಕು, ಕೊನೆ ಮನಸ್ಸಿಗೆ ತೃಪ್ತಿ ಮತ್ತು ಭರವಸೆ ಕೊಡಬೇಕು. ನಮ್ಮ ಸಿನಿಮಾಗಳ ‘ಶುಭಂ’ ಇದ್ದಂತೆ. ಆದರೆ ಹದಿನೇಳರಲ್ಲಿ ಶುಭಂ ಎಂದು ಬರೆಯಲು ಸಾಧ್ಯವಿಲ್ಲ. ಬರೆದರೆ ಓದುಗರೇ ನಂಬುವುದಿಲ್ಲ. ಹೀಗಾಗಿ ಈ ಪ್ರಕಾರದಲ್ಲಿ ಹೆಚ್ಚಾಗಿ ಕಾಣುವುದು ಸದ್ಯಕ್ಕೆ ಸುಖಾಂತ: ಇಬ್ಬರೂ ಜೊತೆಗಿದ್ದಾರೆ, ಮುಂದಿನ ವರ್ಷ ಬೇರೆ ಬೇರೆ ಊರಿನ ಕಾಲೇಜು, ನೋಡೋಣ. ನಿಮ್ಮ ಪತ್ರದಲ್ಲಿ ನೀವು ಬರೆಯದಿದ್ದರೂ, ಕೆಲವು ಪುಸ್ತಕಗಳ ಕೊನೆಯಲ್ಲಿ ಏನೋ ಬಾಕಿ ಉಳಿಯಿತು ಅನ್ನಿಸಿದ್ದರೆ ಅದಕ್ಕೆ ಇದೇ ಕಾರಣ. ಮುಂದೇನಾಯಿತು ಎಂಬುದನ್ನು ಬಿಟ್ಟು, ಅವಳು ಹೇಗೆ ನಿರ್ಧರಿಸಿದಳು ಎಂಬುದರ ಮೇಲೆ ಕಣ್ಣಿಟ್ಟರೆ ಆ ಬಾಕಿಯೇ ರುಚಿಸತೊಡಗುತ್ತದೆ.

ಎರಡನೆಯ ಪ್ರಶ್ನೆ, ಒಳ್ಳೆಯದನ್ನು ಗುರುತಿಸುವುದು. ನನ್ನ ಕೈಯಲ್ಲಿ ಒಂದು ಪೆನ್ಸಿಲ್ ಇರುತ್ತದೆ. ಕಾಲೇಜಿನಲ್ಲಿದ್ದಾಗ ಆಸಕ್ತಿಯಿದ್ದ ಮಕ್ಕಳನ್ನು ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಇಂಥ ಕಾದಂಬರಿಗಳನ್ನು ಓದಿಸುತ್ತಿದ್ದೆ. ಒಬ್ಬರು ಇನ್ನೊಬ್ಬರನ್ನು ಕೇಳಿ ಮುಂದುವರಿದ ಜಾಗಕ್ಕೆಲ್ಲ ಅಂಚಿನಲ್ಲಿ ಒಂದು ಚುಕ್ಕಿ ಹಾಕಿ ಎನ್ನುತ್ತಿದ್ದೆ. ಕೈ ಹಿಡಿಯಲೇ ಎಂದು ಕೇಳಿದ್ದು ಮಾತ್ರವಲ್ಲ. ಈಗ ಫೋನ್ ಮಾಡಿದರೆ ತೊಂದರೆಯೇ, ಈ ವಿಷಯ ನಿನ್ನ ಸ್ನೇಹಿತೆಗೆ ಹೇಳಬಹುದೇ, ಇವೂ ಲೆಕ್ಕಕ್ಕೆ. ಒಬ್ಬ ಹುಡುಗ ತಾನು ಬಹಳ ಮೆಚ್ಚಿದ್ದ ಪುಸ್ತಕವನ್ನು ತಂದು, ಮೇಡಂ, ಮುನ್ನೂರು ಪುಟದಲ್ಲಿ ನಾಲ್ಕೇ ಚುಕ್ಕಿ ಬಿದ್ದಿವೆ, ನಾಲ್ಕೂ ಹುಡುಗಿ ಕೇಳಿದ್ದು ಎಂದ. ಅವನ ಮುಖದಲ್ಲಿ ಕಂಡ ಗೊಂದಲವನ್ನು ನಾನು ಮರೆತಿಲ್ಲ. ಆ ಪುಸ್ತಕವನ್ನು ಅವನು ಮತ್ತೊಮ್ಮೆ ಓದಿದ, ಹುಡುಗನ ಹೊಟ್ಟೆಕಿಚ್ಚನ್ನು ಲೇಖಕರು ಎಲ್ಲೆಲ್ಲಿ ಪ್ರೀತಿ ಎಂದು ಕರೆದಿದ್ದಾರೆ ಎಂದು ಈ ಬಾರಿ ತಾನೇ ಗುರುತು ಹಾಕಿಕೊಂಡು ಬಂದ. ನೀವೂ ಪೆನ್ಸಿಲ್ ಹಿಡಿಯಿರಿ. ಅವಳ ಫೋನ್ ಇಣುಕುವವನು, ಹಿಂಬಾಲಿಸುವವನು, ಅವಳ ಬಟ್ಟೆಯ ಬಗ್ಗೆ ಅಪ್ಪಣೆ ಕೊಡುವವನು ನಾಯಕನಾಗಿ, ಅದನ್ನು ಕಥೆಯೊಳಗಿನ ಯಾರೊಬ್ಬರೂ ಪ್ರಶ್ನಿಸದಿದ್ದರೆ, ಭಾಷೆ ಎಷ್ಟೇ ಚೆನ್ನಾಗಿರಲಿ, ಅದು ಒಳ್ಳೆಯ ಪುಸ್ತಕವಲ್ಲ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ನಾಯಕಿಗೆ ಪ್ರೇಮ ಬಿಟ್ಟು ಬೇರೇನು ಬೇಕು ಎಂಬುದನ್ನೂ ನೋಡಿ. ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ (2017) ಕಾದಂಬರಿಯ ಡಿಂಪಲ್‌ಗೆ ಬೇಕಾಗಿರುವುದು ಬೇಸಿಗೆಯ ಕೋಡಿಂಗ್ ಶಿಬಿರದಲ್ಲಿ ತನ್ನ ಆ್ಯಪ್ ಗೆಲ್ಲುವುದು. ಎರಡೂ ಮನೆಯವರು ಮೊದಲೇ ಮಾತಾಡಿಕೊಂಡಿರುವ ಹುಡುಗ ಅಲ್ಲಿಗೇ ಬಂದಿದ್ದಾನೆ ಎಂಬುದು ಅವಳಿಗೆ ಗೊತ್ತಿಲ್ಲ, ಅವನಿಗೆ ಗೊತ್ತಿದೆ. ತನ್ನನ್ನು ಭಾವೀ ಪತ್ನಿ ಎಂದು ಕರೆದ ಅಪರಿಚಿತನ ಮೇಲೆ ಅವಳು ಕೈಯಲ್ಲಿದ್ದ ಕೋಲ್ಡ್ ಕಾಫಿ ಎರಚುತ್ತಾಳೆ. ಅಮೆರಿಕದ ಕಥೆಯಾದರೂ, ‘ಒಳ್ಳೆಯ ಮನೆತನ, ಒಂದು ಸಲ ನೋಡು’ ಎಂಬ ಮಾತಿನ ಒತ್ತಡವನ್ನು ಬಲ್ಲ ಬೆಂಗಳೂರಿನ ಓದುಗರಿಗೆ ಅದರಲ್ಲಿ ವಿವರಿಸಬೇಕಾದದ್ದು ಕಡಿಮೆ. ಅಲ್ಲಿ ಸ್ಪರ್ಧೆಯ ಕಥೆ ಪ್ರೇಮಕ್ಕೆ ಅಡ್ಡವಾಗಿ ಬರುತ್ತಲೇ ಅದನ್ನು ಬೆಳೆಸುತ್ತದೆ. ಹೀಗಲ್ಲದೆ, ಹುಡುಗ ಬಂದ ಕೂಡಲೇ ಹುಡುಗಿಯ ಗೆಳತಿಯರು, ಓದು, ಅಮ್ಮ ಎಲ್ಲರೂ ಪುಟದಿಂದ ಮಾಯವಾಗುವ ಪುಸ್ತಕಗಳೂ ಬೇಕಾದಷ್ಟಿವೆ. ಐವತ್ತು ಪುಟದಲ್ಲಿ ಗೊತ್ತಾಗುತ್ತದೆ. ಕೆಳಗಿಡಲು ಸಂಕೋಚ ಬೇಡ.

ಮಗಳ ವಿಷಯದಲ್ಲಿ, ಮೊದಲು ಒಂದು ವ್ಯಾವಹಾರಿಕ ಎಚ್ಚರಿಕೆ ಕೊಡಬೇಕು, ಏಕೆಂದರೆ ಬಹಳ ಪೋಷಕರು ಇಲ್ಲೇ ಮೋಸ ಹೋಗುತ್ತಾರೆ. ಯಂಗ್ ಅಡಲ್ಟ್ ಎಂದು ಗ್ರಂಥಾಲಯದವರು ಕರೆಯುವುದು ಸುಮಾರು 12ರಿಂದ 18ರ ಓದುಗರ ಪುಸ್ತಕಗಳನ್ನು. ಅದಕ್ಕಿಂತ ಮೇಲೆ ನ್ಯೂ ಅಡಲ್ಟ್ ಎಂಬ ಇನ್ನೊಂದು ವಿಭಾಗವಿದೆ. 2009ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆಯೊಂದು ಹಸ್ತಪ್ರತಿಗಳನ್ನು ಆಹ್ವಾನಿಸುವಾಗ ಬಳಕೆಗೆ ತಂದ ಹೆಸರು ಅದು. ಅದರ ಪಾತ್ರಗಳು ಕಾಲೇಜಿನವರು, ಉದ್ಯೋಗಕ್ಕೆ ಸೇರಿದವರು, ಮತ್ತು ಅದರಲ್ಲಿ ಮಲಗುವ ಕೋಣೆಯ ದೃಶ್ಯಗಳು ಮುಚ್ಚುಮರೆ ಇಲ್ಲದೆ ಬರಬಹುದು. ಈಗ ತೊಡಕು ಏನೆಂದರೆ, ಎರಡೂ ವಿಭಾಗಗಳ, ಜೊತೆಗೆ ಪೂರ್ತಿ ದೊಡ್ಡವರಿಗಾಗಿಯೇ ಬರೆದ ಪ್ರೇಮಕಾದಂಬರಿಗಳ ಮುಖಪುಟಗಳೂ ಒಂದೇ ತೆರನಾಗಿವೆ: ತಿಳಿಗುಲಾಬಿ ಅಥವಾ ಹಳದಿ ಹಿನ್ನೆಲೆ, ಕಾರ್ಟೂನಿನಂಥ ಹುಡುಗ ಹುಡುಗಿ, ದುಂಡಗಿನ ಅಕ್ಷರ. ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳ ರಾಶಿಯಲ್ಲಿ ಮೂರೂ ಒಟ್ಟಿಗೆ ಬಿದ್ದಿರುತ್ತವೆ. ಮುಖಪುಟ ಬಿಟ್ಟು ಬೆನ್ನಪುಟ ನೋಡಿ. ನಾಯಕಿಯ ವಯಸ್ಸು ಅಲ್ಲಿ ಸಾಮಾನ್ಯವಾಗಿ ತಿಳಿಯುತ್ತದೆ. ಹಲವು ಪ್ರಕಾಶಕರು 12+ ಅಥವಾ 14+ ಎಂದು ಮೂಲೆಯಲ್ಲಿ ಅಚ್ಚು ಹಾಕಿರುತ್ತಾರೆ.

ಇಷ್ಟು ನೋಡಿಕೊಂಡ ಮೇಲೆ, ಓದುವುದರಿಂದ ತೊಂದರೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕ ಕಲಿಸದಿದ್ದರೆ ಹದಿಹರೆಯದವರಿಗೆ ಪ್ರೇಮದ ವಿಚಾರ ಗೊತ್ತಾಗುವುದೇ ಇಲ್ಲ ಎಂದು ನಾವು ನಂಬಿದಂತೆ ನಟಿಸುವುದರಲ್ಲಿ ಅರ್ಥವಿಲ್ಲ. ಫೋನಿನ ಪರದೆಯ ಮೇಲೆ ಬರುವ ಅರ್ಧ ನಿಮಿಷದ ವಿಡಿಯೊಗಳಿಗಿಂತ, ಒಬ್ಬಳು ಮುನ್ನೂರು ಪುಟಗಳ ಕಾಲ ಯೋಚಿಸಿ, ತಪ್ಪಿ, ಕ್ಷಮೆ ಕೇಳಿ, ತನ್ನ ಮಾತಿಗೆ ಹೊಣೆಯಾಗುವ ಕಥೆ ಸಾವಿರ ಪಾಲು ವಾಸಿ. ಜೂಡಿ ಬ್ಲೂಮ್ ಎಂಬ ಲೇಖಕಿ 1975ರಲ್ಲಿ ‘ಫಾರೆವರ್’ ಎಂಬ ಕಾದಂಬರಿ ಬರೆದದ್ದು ಹದಿಹರೆಯದ ಮಗಳು ಕೇಳಿದ್ದಕ್ಕೆ: ದೈಹಿಕ ಸಂಬಂಧ ಬೆಳೆಸಿದ ಹುಡುಗಿ ಪ್ರತಿ ಕಥೆಯಲ್ಲೂ ಸಾಯುತ್ತಾಳೆ ಅಥವಾ ಘೋರ ಶಿಕ್ಷೆ ಅನುಭವಿಸುತ್ತಾಳೆ, ಹಾಗಾಗದ ಒಂದು ಕಥೆ ಇಲ್ಲವೇ ಎಂದು ಆ ಮಗಳು ಅಮ್ಮನನ್ನು ಕೇಳಿದ್ದಳಂತೆ. ಆ ಪುಸ್ತಕ ಮುಂದೆ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆ ಎದುರಿಸಿದ ಪುಸ್ತಕಗಳಲ್ಲಿ ಒಂದಾಯಿತು. ಅದನ್ನು ಹದಿನಾರರ ಎಲ್ಲರ ಕೈಗೂ ಕೊಡಿ ಎಂದು ನಾನು ಹೇಳುವುದಿಲ್ಲ. ಒಬ್ಬ ಮಗಳು ಅಂಥ ಪ್ರಶ್ನೆಯನ್ನು ತಾಯಿಯ ಬಳಿಯೇ ಕೇಳಿದಳಲ್ಲ, ಆ ಮನೆಯ ಗಾಳಿಯ ಬಗ್ಗೆ ಯೋಚಿಸಿ.

ಒಂದು ವ್ಯತ್ಯಾಸವನ್ನು ಮಾತ್ರ ಮಗಳಿಗೆ ನೇರವಾಗಿ ಹೇಳಬೇಕು. ಆ ಕಾದಂಬರಿಗಳ ಕಾನೂನು ಬೇರೆ, ನಮ್ಮದು ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ದೈಹಿಕ ಸಂಬಂಧಕ್ಕೆ ಇಬ್ಬರಿಗೂ ಒಪ್ಪಿಗೆಯಿತ್ತು ಎಂಬ ಮಾತಿಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ, ಹುಡುಗನ ಮೇಲೆ ಗಂಭೀರ ಪ್ರಕರಣ ದಾಖಲಾಗಬಹುದು. ಇದನ್ನು ಹೆದರಿಸುವ ದನಿಯಲ್ಲಿ ಅಲ್ಲ, ರಸ್ತೆ ದಾಟುವಾಗ ಸಿಗ್ನಲ್ ಬಗ್ಗೆ ಹೇಳಿದಷ್ಟೇ ಸಹಜವಾಗಿ ಹೇಳಿ. ಅವಳ ತರಗತಿಯ ಹುಡುಗರಿಗೂ ಇದು ಗೊತ್ತಿರಬೇಕು.

ಕನ್ನಡದಲ್ಲಿ ಇಂಥವು ಏಕಿಲ್ಲ ಎಂದು ನೀವು ಕೇಳಲಿಲ್ಲ, ಆದರೆ ನನಗೆ ಹೇಳದಿದ್ದರೆ ಸಮಾಧಾನವಿಲ್ಲ. ನಮ್ಮಲ್ಲಿ ಮಕ್ಕಳ ಸಾಹಿತ್ಯ ಸಮೃದ್ಧವಾಗಿದೆ, ದೊಡ್ಡವರ ಕಾದಂಬರಿ ಇನ್ನೂ ಸಮೃದ್ಧ. ನಡುವಿನ ಪಿಯುಸಿ ವಯಸ್ಸಿಗೆಂದೇ ಬರೆದ, ಇಂದಿನ ಬದುಕಿನ ಪ್ರೇಮಕಾದಂಬರಿಗಳು ಪುಸ್ತಕದಂಗಡಿಯ ಒಂದು ಇಡೀ ಅಡ್ಡಹಲಗೆಯನ್ನು ತುಂಬುವಷ್ಟಿಲ್ಲ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಪ್ರೇಮ ಧಾರಾವಾಹಿಗಳನ್ನು ಬರೆಯುವವರು, ಓದುವವರು ದಂಡಿಯಾಗಿದ್ದಾರೆ, ಆದರೆ ಅಲ್ಲಿಯ ಬಹಳಷ್ಟು ಕಥೆಗಳು ಮದುವೆಯಿಂದಲೇ ಶುರುವಾಗುತ್ತವೆ. ಇದು ನನಗೆ ನೋವಿನ ಸಂಗತಿ, ಏಕೆಂದರೆ ಈ ಪ್ರಕಾರಕ್ಕೆ ಕನ್ನಡದ ಬಳಿ ಇಂಗ್ಲಿಷಿಗೆ ಇಲ್ಲದ ಸಲಕರಣೆಗಳಿವೆ. ಇಂಗ್ಲಿಷಿನಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ‘ಯು’. ನಮ್ಮ ಕಾಲೇಜಿನ ಹುಡುಗ ಮೊದಲ ದಿನ ‘ನೋಟ್ಸ್ ಕೊಡ್ತೀರಾ ರೀ’ ಎನ್ನುತ್ತಾನೆ. ಅಲ್ಲಿಂದ ‘ನೀನು’ವಿಗೆ ಬರಲು ಎಷ್ಟು ದಿನ ಬೇಕು, ಮೊದಲು ಯಾರು ಬರುತ್ತಾರೆ, ಬಾಯಿತಪ್ಪಿ ಬಂದ ‘ನೀನು’ವನ್ನು ಕೂಡಲೇ ‘ನೀವು’ ಎಂದು ತಿದ್ದಿಕೊಂಡಾಗ ಇನ್ನೊಬ್ಬರ ಮುಖ ಏನಾಗುತ್ತದೆ, ಜಗಳವಾದ ಮರುದಿನ ಮತ್ತೆ ‘ರೀ’ ಬಂದರೆ ಅದು ಎಷ್ಟು ಚುಚ್ಚುತ್ತದೆ! ‘ಕಣೋ’, ‘ಕಣೇ’ ಎಂಬ ಎರಡಕ್ಷರಗಳಲ್ಲಿ ನಮ್ಮ ಭಾಷೆ ಮಾಡಬಲ್ಲ ಕೆಲಸಕ್ಕೆ ಇಂಗ್ಲಿಷಿನ ಲೇಖಕಿ ಒಂದು ಪ್ಯಾರಾ ಬರೆಯಬೇಕು. ಇದನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡ ಒಬ್ಬ ಹುಡುಗಿ ಈ ಊರಿನ ಯಾವುದಾದರೂ ಪಿಯು ಕಾಲೇಜಿನಲ್ಲಿ ಈಗ ಕೂತಿರಬಹುದು ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಇನ್ನು, ಮಗಳಿಗೆ ಗೊತ್ತಾಗದ ಹಾಗೆ ಪುಸ್ತಕಗಳನ್ನು ವಾಪಸ್ ಇಡುತ್ತಿರುವ ವಿಷಯ. ಅವಳಿಗೆ ಗೊತ್ತಿಲ್ಲ ಎಂದು ನೀವು ತಿಳಿದಿದ್ದೀರಿ. ಪುಸ್ತಕ ಪ್ರೀತಿಸುವ ಹದಿನಾರರ ಮಕ್ಕಳಿಗೆ ತಮ್ಮ ಕಪಾಟಿನಲ್ಲಿ ಯಾವ ಪುಸ್ತಕ ಅರ್ಧ ಅಂಗುಲ ಸರಿದಿದೆ ಎಂಬುದೂ ತಿಳಿಯುತ್ತದೆ. ಕಪಾಟು ತಪಾಸಣೆಯಾಗುತ್ತಿದೆ ಎಂದು ಅವಳು ಅಂದುಕೊಳ್ಳುವ ಮೊದಲು, ಹನ್ನೆರಡನೆಯ ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿ. ನಿನಗೆ ಯಾವುದು ಇಷ್ಟವಾಯಿತು, ಅದನ್ನು ಕೊಡು ಎನ್ನಿ. ಓದಿದ ಮೇಲೆ ನೀತಿಯ ಮಾತು ತೆಗೆಯಬೇಡಿ. ಆ ಹುಡುಗ ನನಗೆ ಯಾಕೋ ಹಿಡಿಸಲಿಲ್ಲ ಕಣೇ ಎಂದು ಒಂದು ಮಾತು ಹೇಳಿ ಸುಮ್ಮನಿರಿ, ವಾದ ಅವಳೇ ಶುರುಮಾಡುತ್ತಾಳೆ. ನಿಮ್ಮ ಪೆನ್ಸಿಲ್ ಚುಕ್ಕಿಗಳಿರುವ ಪ್ರತಿಯನ್ನು ಅವಳ ಕೈಗೆ ಕೊಡಿ, ಅವಳ ಚುಕ್ಕಿಗಳನ್ನು ನೀವು ನೋಡಿ. ಬ್ರೌನ್ ಪೇಪರನ್ನು ಅವಳ ಫಿಸಿಕ್ಸ್ ರೆಕಾರ್ಡಿಗೆ ಹಾಕಿಕೊಡಿ.